ಬಿಟ್ಟುಕೊಡದವರು

ಅಕ್ಕನ ಬಲಗಾಲಿಗೆ ಉದ್ದನೆಯ ಕಾಲುಚೀಲ ಹತ್ತುತ್ತಿರಲಿಲ್ಲ. ತಂಗಿ ನೆಲಕ್ಕೆ ಮೊಣಕಾಲೂರಿ, ಆ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆಳೆದಳು. ಮುಂಗಾಲಿನ ಮೂಳೆಯ ಮೇಲೆ ಬೆರಳು ಹೋದಲ್ಲೆಲ್ಲ ತಗ್ಗು. ಹೊಲಿಗೆಯಿಂದ ಬದುಕುವ ಅವಳ ಬೆರಳಿಗೆ ಉಬ್ಬು ತಗ್ಗು ಬೇಗ ತಿಳಿಯುತ್ತದೆ. ಒಂದೇ ಮನೆಯಲ್ಲಿ ಇಬ್ಬರೇ ಇಷ್ಟು ಕಾಲ ಬದುಕಿದರೂ ಈ ಕಾಲನ್ನು ಮುಟ್ಟಿ ನೋಡಿದ್ದು ಇವತ್ತೇ. ಅಕ್ಕ ಮುಟ್ಟಗೊಡುತ್ತಿರಲಿಲ್ಲ.

ಬಾಗಿಲಲ್ಲಿ ಕ್ಯಾಪ್ಟನ್ ಬಂದು ನಿಂತಳು. ಅಕ್ಕ ಪ್ಯಾಕಿಂಗ್ ಮಾಡುತ್ತಿದ್ದ ಕೇಬಲ್ ಕಾರ್ಖಾನೆಯಲ್ಲಿ ಅವಳೀಗ ದೊಡ್ಡ ಅಧಿಕಾರಿ. ಒಂದು ಕಾಲದಲ್ಲಿ ಕಾರ್ಖಾನೆಯ ಮಹಿಳಾ ಹಾಕಿ ತಂಡದ ನಾಯಕಿ. ಕೈಯಲ್ಲಿ ಇಸ್ತ್ರಿ ಮಾಡಿದ ಕೆಂಪು ಜರ್ಸಿ. ಹೊರಗೆ ಹಳೆಯ ಆಟಗಾರ್ತಿಯರೆಲ್ಲ ಅದೇ ಕೆಂಪು ಜರ್ಸಿಯನ್ನು ಹೊಟ್ಟೆಯ ಮೇಲೆ ಬಿಗಿದುಕೊಂಡು ಬಂದಿದ್ದರು.

"ಇದನ್ನ ಮೇಲೆ ಹೊದಿಸೋಣ ಕಣೇ. ಹೆಗಲೂ ನಾವೇ ಕೊಡ್ತೀವಿ. ನಮ್ಮ ಗೋಡೆ ಅವಳು."

ಗೋಡೆ ಅನ್ನುವುದು ತಂಡದವರು ಅಕ್ಕನಿಗಿಟ್ಟ ಅಡ್ಡಹೆಸರು. ಹೆಣದ ಮುಂದೆಯೂ ಅದೇ. ತಂಗಿ ತಲೆಯೆತ್ತದೆ, ಕುರ್ಚಿಯ ಮೇಲಿಡಿ, ಆಮೇಲೆ ನೋಡೋಣ ಎಂದಳು.

*

ಪೆನಾಲ್ಟಿ ಕಾರ್ನರ್‌ನಲ್ಲಿ ಎದುರಾಳಿ ಚೆಂಡನ್ನು ಗೋಲಿನತ್ತ ಬೀಸಿ ಹೊಡೆಯುವಾಗ, ಗೋಲಿನ ಗೆರೆಯಿಂದ ಒಬ್ಬಳು ನೇರವಾಗಿ ಅವಳ ಮೇಲೇ ಓಡಬೇಕು. ಕೋಲು ಅಡ್ಡ ಬಂದರೆ ಸರಿ, ಇಲ್ಲವಾದರೆ ಮೈ. ಪಂದ್ಯದಲ್ಲಿ ಹಾಗೆ ಓಡುವವಳು ಬೇರೆ. ಅವಳಿಗೆ ಪೆಟ್ಟಾಗಬಾರದೆಂದು ಸಂಜೆಯ ಅಭ್ಯಾಸದಲ್ಲಿ ಅಕ್ಕನನ್ನು ಓಡಿಸುತ್ತಿದ್ದರು. ಹೊಡೆಯುವವರ ಕೈ ಕುದುರುವವರೆಗೂ ಓಡಿಸುತ್ತಿದ್ದರು. ಪಂದ್ಯಕ್ಕೆ ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಕೂತೇ ಕಳೆದ ಜರ್ಸಿ ಬೆವರಿನ ವಾಸನೆಯೇ ಇಲ್ಲದೆ ಮನೆಗೆ ಬರುತ್ತಿತ್ತು. ಅಭ್ಯಾಸದ ಬನಿಯನ್ನಿಗೆ ಮಾತ್ರ ತಂಗಿ ತೇಪೆಯ ಮೇಲೆ ತೇಪೆ ಹಾಕುತ್ತಿದ್ದಳು.

ಒಂದು ಸಂಜೆ ಅಕ್ಕ ಬಚ್ಚಲ ಬಾಗಿಲು ಹಾಕಿಕೊಂಡು ಕಾಲಿಗೆ ಮಂಜುಗಡ್ಡೆ ಒತ್ತಿಕೊಳ್ಳುತ್ತಿದ್ದಾಗ ತಂಗಿ ಹೊರಗಿನಿಂದಲೇ ರೇಗಿದ್ದಳು. ಬೇರೆ ತಂಡ ಯಾವುದೂ ಇಲ್ಲವೇ ಈ ಭೂಮಿಯ ಮೇಲೆ?

"ನನ್ನನ್ನ ಯಾರೇ ಕೇಳ್ತಾರೆ? ಇವರಾದ್ರೂ ಇಟ್ಕೊಂಡಿದಾರಲ್ಲ."

ಪ್ರತಿ ವರ್ಷ ತಂಡದ ಹೆಸರುಗಳು ಹೊರಬಿದ್ದ ದಿನ, ತನ್ನನ್ನು ಇಟ್ಟುಕೊಂಡದ್ದಕ್ಕೆ ಅವಳು ಕೋಚ್‌ನ ಮನೆಗೆ ಹಣ್ಣು ತೆಗೆದುಕೊಂಡು ಹೋಗುತ್ತಿದ್ದಳು. ಆರಿಸಿ ಆರಿಸಿ, ಒಂದಕ್ಕೂ ಪೆಟ್ಟಾಗದಂಥ ಹಣ್ಣು.

*

ಹತ್ತರ ಹೊತ್ತಿಗೆ ಊರುಗೋಲು ಹಿಡಿದ ಎತ್ತರದ ಹೆಂಗಸೊಬ್ಬಳು ಬಂದು ತಂಗಿಯ ಪಕ್ಕ ಕೂತಳು. ಬಂದರಿನ ತಂಡಕ್ಕೆ ಕೋಚ್ ಆಗಿದ್ದವಳಂತೆ. ಸ್ವಲ್ಪ ಹೊತ್ತು ಅಕ್ಕನ ಮುಖ ನೋಡಿದಳು. ಆಮೇಲೆ, ಎಷ್ಟೋ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳುವವಳಂತೆ ಕೇಳಿದಳು.

"ನಿಮ್ಮಕ್ಕನಿಗೆ ನಮ್ಮ ಮೇಲೆ ಏನಮ್ಮ ಬೇಜಾರು? ಅಷ್ಟು ಸಲ ಕರೆದ್ರೂ ಬರಲ್ಲ ಅಂದ್ಬಿಟ್ಲು."

ತಂಗಿಗೆ ಅರ್ಥವಾಗಲಿಲ್ಲ. ಹೆಂಗಸು ಬಿಡಿಸಿ ಹೇಳಿದಳು. ಒಂದು ಪಂದ್ಯದಲ್ಲಿ ಯಾರಿಗೋ ಜ್ವರ ಬಂದು ಅಕ್ಕನನ್ನು ಮೈದಾನಕ್ಕೆ ಇಳಿಸಿದ್ದರು. ಬಂದರಿನವರು ಹೊಡೆದ ಪೆನಾಲ್ಟಿ ಕಾರ್ನರ್‌ಗಳನ್ನೆಲ್ಲ ಅವಳೊಬ್ಬಳೇ ಓಡಿ ಬಂದು ಕೆಡಿಸಿದ್ದಳು. ಆ ವರ್ಷವೇ ಇವಳು ಕಾರ್ಖಾನೆಯ ಕೋಚ್‌ನನ್ನು ಕೇಳಿದ್ದಳು: ನಮ್ಮ ಎಡಬದಿಯ ಫಾರ್ವರ್ಡನ್ನು ತಗೊಳ್ಳಿ, ಅವಳನ್ನು ಕೊಡಿ, ಮೊದಲ ಹನ್ನೊಂದರಲ್ಲೇ ಆಡಿಸುತ್ತೇವೆ. ಮರುವರ್ಷವೂ ಕೇಳಿದ್ದಳು, ಅದರ ಮರುವರ್ಷವೂ. ಪ್ರತಿ ಸಲವೂ ಬಂದ ಉತ್ತರ ಒಂದೇ, ಅವಳಿಗೇ ಇಷ್ಟವಿಲ್ಲ.

ತಂಗಿ ಎದ್ದು ನಿಂತಳು. ಕಣ್ಣೆದುರಿಗೆ ಬಂದದ್ದು ಕೋಚ್ ಅಲ್ಲ, ಹಣ್ಣಿನ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಅಕ್ಕ. ಸತ್ತವಳ ಮೇಲೂ ಇಷ್ಟು ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಕೋಚ್ ಅಂಗಳದಲ್ಲಿ ಕೆಂಪು ಜರ್ಸಿಗಳ ನಡುವೆ ಕೂತಿದ್ದ. ಮುದುಕ, ಸುಳ್ಳು ಹೇಳಲಿಲ್ಲ. ಕೇಳಿದ್ದು ನಿಜ, ಸಭೆಯಲ್ಲಿ ಚರ್ಚೆಯಾದದ್ದೂ ನಿಜ ಎಂದ. ಬಂದರಿನಲ್ಲಿ ಆಟ ನಿಂತ ದಿನ ಕೆಲಸವೂ ನಿಲ್ಲುತ್ತದೆ, ಇಲ್ಲಿ ಕೊನೆಯವರೆಗೂ ಅನ್ನಕ್ಕೆ ದಾರಿಯಾಯಿತಲ್ಲ, ಅವಳ ಒಳ್ಳೆಯದಕ್ಕೇ ಬಿಟ್ಟುಕೊಡಲಿಲ್ಲ ಎಂದ. ಕ್ಯಾಪ್ಟನ್ ದನಿಗೂಡಿಸಿದಳು: ಅವಳು ಹೋಗಿದ್ದರೆ ಅಭ್ಯಾಸದಲ್ಲಿ ಓಡುವುದಕ್ಕೆ ಇನ್ಯಾರನ್ನು ಹುಡುಕುವುದಾಗಿತ್ತು, ಅಂಥ ಗುಂಡಿಗೆ ಯಾರಿಗಿತ್ತು? ಹೊಗಳಿದೆನೆಂದೇ ಅವಳು ತಿಳಿದಿದ್ದಳು.

"ಈ ಮಾತೆಲ್ಲ ಅಕ್ಕನಿಗೆ ಹೇಳಿದ್ರಾ?"

ಕೋಚ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಹೇಳಿದ್ರೆ ಹೋಗ್ಬಿಡ್ತಿದ್ಲಮ್ಮ."

ತಂಗಿ ಕಿರುಚುತ್ತಾಳೆಂದು ಕ್ಯಾಪ್ಟನ್ ಅವಳ ಭುಜ ಹಿಡಿಯಲು ಬಂದಳು. ತಂಗಿ ಆ ಕೈಯನ್ನು, ಬಟ್ಟೆಗಂಟಿದ ದಾರದ ಎಳೆಯನ್ನು ತೆಗೆಯುವಂತೆ, ತೆಗೆದಳು.

"ಹೋಗ್ಲಿ ಬಿಡಿ. ಹೊರೋಕೆ ನೀವ್ಯಾರೂ ಬೇಡ."

ಒಳಗೆ ಹೋಗಿ ಜರ್ಸಿಯನ್ನು ತಂದು ಕ್ಯಾಪ್ಟನ್ ಕೈಗಿಟ್ಟಳು. ಎಷ್ಟಾದರೂ ತಂಡದವರು, ಇಂಥ ದಿನ ಹೀಗೆ ಮಾಡಬಾರದು ಎಂದು ನೆರೆಮನೆಯ ಅಜ್ಜಿ ಗೊಣಗಿದಳು. ತಂಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದರಿನ ಹೆಂಗಸಿಗೆ, ನಿಮ್ಮ ಕಾಲಿಗೆ ಕಷ್ಟವಾಗದಿದ್ದರೆ ಮುಂದುಗಡೆ ಒಂದು ಹೆಗಲು ಕೊಡಿ ಎಂದಳು. ಕಷ್ಟವೇ, ಆದರೂ ಕೊಡುತ್ತೇನೆ ಎಂದು ಅವಳು ಊರುಗೋಲನ್ನು ಗೋಡೆಗೊರಗಿಸಿದಳು. ಪ್ಯಾಕಿಂಗ್ ವಿಭಾಗದ ಹೆಂಗಸರು ಚಟ್ಟದ ಉಳಿದ ಹಿಡಿಗಳನ್ನು ಹಿಡಿದರು.

*

ಚಿತಾಗಾರದ ಒಳಗಿನ ಬಾಗಿಲು ಹೊತ್ತವರ ಹಿಂದೆ ಮುಚ್ಚಿಕೊಂಡಿತು. ಹೆಣದ ವ್ಯಾನಿನ ಹಿಂದೆಯೇ ಬಂದಿದ್ದ ತಂಡದವರಿಗೆ ಮಾಡುವುದಕ್ಕೇನೂ ಇರಲಿಲ್ಲ. ಹಜಾರದ ಗೋಡೆಯುದ್ದಕ್ಕೂ ಒಂದು ಬೆಂಚಿತ್ತು. ಮೊದಲು ಕೋಚ್ ಕೂತ, ಅವನ ಪಕ್ಕ ಕ್ಯಾಪ್ಟನ್, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕೆಂಪು ಜರ್ಸಿಗಳ ಸಾಲು, ಮೊಣಕಾಲ ಮೇಲೆ ಕೈ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬಾಗಿಲು ತೆರೆದ ಸದ್ದಾಯಿತು. ಎಲ್ಲರೂ ಒಟ್ಟಿಗೆ ಕತ್ತೆತ್ತಿದರು. ಕ್ಯಾಪ್ಟನ್ ಜರ್ಸಿ ಸರಿಪಡಿಸಿಕೊಂಡು ಅರ್ಧ ಎದ್ದಳು. ಕೆಲಸದವನೊಬ್ಬ ಹೊರಗೆ ಬಂದು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು, ಯಾರನ್ನೂ ನೋಡದೆ ಒಳಗೆ ಹೋದ. ಅವಳು ಮತ್ತೆ ಕೂರಲು ಹೋದಳು. ಅಷ್ಟರಲ್ಲಿ ಅಕ್ಕಪಕ್ಕದವರು ಸರಿದು ಕೂತಿದ್ದರಿಂದ ಬೆಂಚಿನ ಮೇಲೆ ಅವಳಿಗೆ ಅರ್ಧ ಜಾಗವೇ ಸಿಕ್ಕಿತು.