ಭದ್ರಮ್ಮ ಕೇಳಿದ ಪ್ರಾರ್ಥನೆ

ನಾನು ಪ್ರಾರ್ಥನೆಗೆ ನಿಂತ್ರೆ ಪಕ್ಕದ ಬೀದಿ ನಾಯಿಗಳೂ ಬೊಗಳೋದು ನಿಲ್ಲಿಸ್ತವೆ ಅಂತ ಜಾಲಹಳ್ಳಿಯ ನಮ್ಮ ಚರ್ಚಿನ ಸಭೆಯೋರು ಆಡ್ಕೋತಾರೆ. ಆಡ್ಕೊಳ್ಳಲಿ ಬಿಡಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕೆಲಸ ನಂದು. ಹೊಲಿಗೆ ಮೆಷೀನುಗಳ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆಸ್ಕೊಂಡ ಗಂಟಲು. ಮೆಲ್ಲಗೆ ಪ್ರಾರ್ಥನೆ ಮಾಡೋಕೆ ನನಗೆ ಬರೋದೂ ಇಲ್ಲ, ಇಷ್ಟವೂ ಇಲ್ಲ. ದೇವರ ಹತ್ರ ಕೇಳೋದಾದ್ರೆ ನೆಟ್ಟಗೆ ಕೇಳ್ಬೇಕು. ಯಾರಿಗೆ ಬೇಕು, ಏನು ಬೇಕು, ಯಾವತ್ತಿನೊಳಗೆ ಬೇಕು, ಎಲ್ಲ ಬಿಡಿಸಿ ಹೇಳ್ಬೇಕು.

ನಮ್ಮ ಸಭಾಪಾಲಕರು, ನಾವು ಅಯ್ಯನವರು ಅಂತೀವಿ, ಪ್ರತಿ ಪ್ರಾರ್ಥನೆಯ ಕೊನೆಗೂ "ನಿನ್ನ ಚಿತ್ತವಾದರೆ ಕರ್ತನೇ" ಅಂತ ಸೇರಿಸ್ತಾರೆ. ಅದನ್ನ ಕೇಳಿದ್ರೆ ನನಗೆ ಮೈಯೆಲ್ಲ ಉರಿಯೋದು. "ಏನಯ್ಯನವರೇ, ಕೆಲಸ ಆಗದಿದ್ರೆ ತಪ್ಪಿಸ್ಕೊಳ್ಳೋಕೆ ಹಿಂಬಾಗಿಲು ಇಟ್ಕೊಂಡೇ ಕೇಳ್ತೀರಲ್ಲ!" ಅಂತ ಮುಖಕ್ಕೇ ಅಂದಿದ್ದೆ. ಅವರು ನಕ್ಕು, "ವತ್ಸಲಮ್ಮಾ, ನೀವು ಕೇಳೋ ಧಾಟಿ ನೋಡಿದ್ರೆ ದೇವರಿಗೇ ಶಿಫ್ಟ್ ಹಾಕೋ ಹಾಗಿದೆ" ಅಂದಿದ್ರು.

ನನಗಿರೋದು ಒಬ್ಬಳೇ ಮಗಳು, ಸುಕೃತಿ. ಅವಳಪ್ಪ ತೀರಿಹೋಗಿ ವರ್ಷಗಳಾದ್ವು. ಹೂಡಿಯ ಒಂದು ಆಫೀಸಿನಲ್ಲಿ ಕೆಲಸ ಮಾಡ್ಕೊಂಡು ಚೆನ್ನಾಗೇ ಇದ್ಲು. ಹೋದ ವರ್ಷ ಒಂದು ವೈರಲ್ ಜ್ವರ ಬಂತು. ಹೋಗುವಾಗ ಹುಡುಗಿಯ ಹೃದಯಾನೇ ಕೆಡಿಸಿ ಹೋಯ್ತು. ಮೊದಮೊದಲು ಮೆಟ್ಟಿಲು ಹತ್ತಿದ್ರೆ ಏದುಸಿರು, ಆಮೇಲೆ ಕೂತ್ರೂ ಏದುಸಿರು. ಕೊನೆಗೆ ತುಮಕೂರು ರಸ್ತೆಯ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಮಲಗಿಸಿ, "ಬೇರೆ ಹೃದಯ ಹಾಕಿದ್ರೆ ಉಳೀತಾಳೆ, ಇಲ್ಲಾಂದ್ರೆ ಜಾಸ್ತಿ ದಿನ ಇಲ್ಲ" ಅಂದ್ರು ಡಾಕ್ಟ್ರು.

ನಾನು ಸುಮ್ನೆ ಕೂರೋಳಾ? ಅವತ್ತೇ ಸರಪಳಿ ಪ್ರಾರ್ಥನೆ ಶುರು ಮಾಡಿಸ್ದೆ. ಒಬ್ಬರು ಪ್ರಾರ್ಥನೆ ಮುಗಿಸಿ ಮುಂದಿನವರಿಗೆ ಫೋನ್ ಮಾಡ್ತಾರೆ, ಅವರು ಹಿಡ್ಕೊಳ್ತಾರೆ, ಹಗಲೂ ರಾತ್ರಿ ನಿಲ್ಲೋದೇ ಇಲ್ಲ. ಏನು ಕೇಳ್ಬೇಕು ಅಂತ ನಾನೇ ಸಭೆಯ ವಾಟ್ಸಾಪ್ ಗ್ರೂಪಿಗೆ ಹಾಕ್ದೆ: "ಸುಕೃತಿಗೆ ಈ ವಾರದೊಳಗೆ ಹೃದಯ ಸಿಗಲಿ." ಆ ಹೃದಯ ಎಲ್ಲಿಂದ ಬರ್ಬೇಕು ಅಂತ ಯೋಚನೆ ಮಾಡ್ಲಿಲ್ಲ. ಮಾಡ್ಲಿಲ್ಲ ಅನ್ನೋದೂ ಸುಳ್ಳೇ. ಆ ಯೋಚನೆ ಬಂದಾಗೆಲ್ಲ ಜೋರಾಗಿ ಹಾಡು ಹೇಳ್ಕೊಂಡು ಓಡಿಸ್ತಿದ್ದೆ.

ಒಂದು ಬೆಳಗ್ಗೆ, ಮುಖ ತೊಳೆದು ಐಸಿಯು ಕಡೆ ಹೋಗ್ತಾ ಇದ್ದೀನಿ, ಜ್ಯೋತಿಲಕ್ಷ್ಮಿ ಮೇಡಂ ನನ್ನ ಪಕ್ಕಕ್ಕೆ ಕರೆದ್ರು. ಅಂಗದಾನದ ವ್ಯವಹಾರವನ್ನೆಲ್ಲ ಆಸ್ಪತ್ರೆ ಕಡೆಯಿಂದ ನೋಡ್ಕೊಳ್ಳೋರು ಅವರು.

"ಒಂದು ಸಾಧ್ಯತೆ ಇದೆ ವತ್ಸಲಾ ಅವರೇ. ಸುಕೃತಿಗೆ ಏನೂ ತಿನ್ನಿಸ್ಬೇಡಿ. ಆದ್ರೆ ಏನೂ ಖಾತ್ರಿ ಇಲ್ಲ. ಇನ್ನೊಂದು ಪರೀಕ್ಷೆ ಬಾಕಿ ಇದೆ, ಮನೆಯೋರು ಇನ್ನೂ ಒಪ್ಪಿಲ್ಲ."

"ಯಾರು ಮೇಡಂ?"

"ಅದನ್ನ ಹೇಳೋ ಹಾಗಿಲ್ಲ. ನೀವೂ ಹುಡುಕ್ಕೊಂಡು ಹೋಗ್ಬಾರ್ದು" ಅಂತ ಗದರಿಸೋ ಹಾಗೇ ಹೇಳಿ ಹೋದ್ರು.

ಅಲ್ಲೇ ನಿಂತು ಫೋನ್ ತೆಗೆದೆ. ಗ್ರೂಪಿಗೆ ಹಾಕ್ದೆ: "ಒಂದು ಕುಟುಂಬದ ಮನಸ್ಸು ಕರಗಬೇಕು. ಎಲ್ಲರೂ ಬಲವಾಗಿ ಪ್ರಾರ್ಥಿಸಿ." ಆಮೆನ್, ಆಮೆನ್ ಅಂತ ಸಾಲಾಗಿ ಬಂತು. ನಾನು ಕೆಳಗಿನ ಮಹಡಿಯ ಹಾಲ್‌ಗೆ ಬಂದು ಬೈಬಲ್ ತೆರೆದು ಕೂತೆ. ಒಂದಕ್ಷರ ತಲೆಗೆ ಹೋಗ್ಲಿಲ್ಲ.

ಎದುರಿನ ಸಾಲಲ್ಲಿ ಒಂದು ಹಳ್ಳಿ ಕಡೆಯ ಸಂಸಾರ ಕೂತಿತ್ತು. ಅದರಲ್ಲೊಬ್ಬ ಹೆಂಗಸು, ನನ್ನದೇ ವಯಸ್ಸು, ನನ್ನ ಮಡಿಲಲ್ಲಿದ್ದ ಬೈಬಲ್ಲನ್ನೇ ನೋಡ್ತಿದ್ರು. ಆಮೇಲೆ ಎದ್ದು ನೇರವಾಗಿ ನನ್ನ ಹತ್ರ ಬಂದ್ರು.

"ಅಕ್ಕಾ, ನೀವು ಏಸಪ್ಪನೋರಾ?"

ಹೂಂ ಅಂದೆ.

"ನನ್ ಮಗ ಒಳಗವ್ನೆ ಕಣಕ್ಕಾ. ಅರ್ಸವರ್ದನ. ನೆನ್ನೆ ನಮ್ಮ ಗೋಡೌನ್ ತಾವಿಂದ ಬೈಕ್‌ನಾಗೆ ಬರ್ತಾ ಇದ್ದ, ಲಾರಿ ಗುದ್ಬುಡ್ತು. ಮೆದ್ಳು ಸತ್ತೋಗೈತೆ ಅಂತಾರೆ ಡಾಕ್ಟ್ರು. ಮೈ ಮುಟ್ಟಿದ್ರೆ ಬೆಚ್ಚಗೈತೆ. ಎಂಗಕ್ಕಾ ನಂಬ್ಲಿ?"

ಇನ್ನೂ ಒಪ್ಪಿಲ್ಲ ಅಂತ ಮೇಡಂ ಹೇಳಿದ ಮನೆಯೋರು ಇವರೇ. ಹುಡುಕ್ಕೊಂಡು ಹೋಗ್ಬೇಡ ಅಂದಿದ್ರು, ಹುಡುಕ್ಕೊಂಡು ಬಂದದ್ದು ಅವರು. ಹೆಸರು ಭದ್ರಮ್ಮ, ಮಾದನಾಯಕನಹಳ್ಳಿಯೋರು. ಹಿಂದೆ ನಿಂತಿದ್ದ ಗಂಡ ಹನುಮಂತರಾಯಪ್ಪನೋರು ಹೆಗಲ ಮೇಲಿನ ಟವೆಲ್‌ನಿಂದ ಕಣ್ಣು ಒರೆಸ್ಕೊಳ್ತಾ, "ಬದ್ರೀ, ಡಾಕ್ಟ್ರು ಯೋಳಿದ್ ಕೇಳ್ದಲ್ಲ. ಮಣ್ಣಿಗೆ ವೋಗಾದು ನಾಕ್ ಜನಕ್ಕಾದ್ರೂ ಆಗ್ಲಿ. ರುಜು ಆಕಾಣ" ಅಂದ್ರು.

ಭದ್ರಮ್ಮ ಅವರ ಕಡೆ ತಿರುಗಲೇ ಇಲ್ಲ. "ನಮ್ ಬಾಡ್ಗೆ ಮನೇಲಿ ಮಾಲಾ ಅಂತ ನಿಮ್ಮೋಳೇ ಒಬ್ಳವ್ಳೆ. ಪ್ರಾರ್ತ್ನೆ ಮಾಡಾಗ ನಿಮ್ ದೇವ್ರು ನಿಮ್ಗೆ ಮಾತಾಡ್ತಾನೆ ಅಂತ ಯೋಳ್ತಿರ್ತಾಳೆ. ನನ್ ಮಗನ ತಲೆ ಮೇಲೆ ಕೈ ಮಡಗಿ ಕೇಳ್ರಕ್ಕಾ. ಏಳ್ತಾನೆ ಅಂದ್ರೆ ಕಾಯ್ತೀನಿ, ಎಷ್ಟ್ ದಿಸ ಆದ್ರೂ ಕಾಯ್ತೀನಿ. ಕೊಟ್ಬುಡು ಅಂದ್ರೆ ಈಗ್ಲೇ ರುಜು ಆಕ್ತೀನಿ. ನೀವ್ ಏನ್ ಯೋಳಿದ್ರೆ ಅದು."

ನಮ್ಮಲ್ಲಿ ಆ ಪದ್ಧತಿ ಇರೋದು ನಿಜ. ಪ್ರಾರ್ಥನೆ ಮುಗಿಸಿ, ಕಣ್ಣು ಬಿಟ್ಟು, "ದೇವರು ನನ್ನ ಸಂಗಡ ಮಾತಾಡಿದ್ರು" ಅಂದ್ರೆ ಮುಗೀತು. ಸೈಟ್ ತಗೊಳ್ಳೋದು, ಗಂಡು ಒಪ್ಪೋದು, ಕೆಲಸ ಬಿಡೋದು, ಎಲ್ಲ ಆ ಮಾತಿನ ಮೇಲೆ ನಡೆದುಹೋಗುತ್ತೆ. ಯಾರೂ ಎದುರು ಪ್ರಶ್ನೆ ಕೇಳಲ್ಲ.

ಎದ್ದು ಅವರ ಹಿಂದೆ ಹೊರಟೆ. ಹುಡುಗ ಮಲಗಿದ್ದ ಆ ಮಹಡಿಯ ಐಸಿಯು ಬಾಗಿಲವರೆಗೆ ಹತ್ತು ಹೆಜ್ಜೆ ಇತ್ತೋ ಇಪ್ಪತ್ತಿತ್ತೋ, ಅಷ್ಟರೊಳಗೆ ನನ್ನ ಮನಸ್ಸು ಕೋರ್ಟಿನ ವಕೀಲರ ಹಾಗೆ ವಾದ ಹೂಡ್ತು. ಡಾಕ್ಟ್ರೇ ಹೇಳಿದ್ದಾರೆ, ಹುಡುಗ ಉಳಿಯಲ್ಲ. ನೀನೇನೂ ಕೊಲ್ತಿಲ್ಲ. ಗಂಡನೂ ಒಪ್ಪಿದ್ದಾನೆ. ಅಷ್ಟು ಜನರ ಪ್ರಾರ್ಥನೆಗೆ ಉತ್ತರವಾಗಿ ದೇವರೇ ಇವಳನ್ನ ನಿನ್ನ ಹತ್ರ ಕಳಿಸಿರ್ಬೇಕು. ಒಂದೇ ಮಾತು, "ಕೊಡು ಅಂದ್ರು ದೇವರು" ಅನ್ನು, ನಿನ್ನ ಮಗಳು ಬದುಕ್ತಾಳೆ. ಕೈಯಲ್ಲಿದ್ದ ಫೋನು ನಡುಗ್ತಾನೇ ಇತ್ತು, ಗ್ರೂಪಿನಲ್ಲಿ ಇನ್ನೂ ಆಮೆನ್‌ಗಳು.

ಹುಡುಗನ ತಲೆಗೆಲ್ಲ ಬಟ್ಟೆ ಸುತ್ತಿದ್ರು. ಮೆಷೀನು ಉಸಿರು ಹಾಕ್ತಿತ್ತು. ಹೊದಿಕೆಯಿಂದ ಹೊರಗೆ ಚಾಚಿದ್ದ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು, ಬಿಸಿಲಿಗೆ ಕಪ್ಪಾದ ಕಾಲಲ್ಲಿ ಅಷ್ಟಗಲ ಮಾತ್ರ ಬೆಳ್ಳಗೆ. ಅಯ್ಯೋ, ಯಾರೋ ಒಬ್ಬರು ಅಂದ್ಕೊಂಡಿದ್ನಲ್ಲ, ಆ ಯಾರೋ ಒಬ್ಬರಿಗೆ ಕಾಲಿತ್ತು.

ಹಣೆ ಮೇಲೆ ಕೈ ಇಟ್ಟೆ. ನಿಜಕ್ಕೂ ಬೆಚ್ಚಗಿತ್ತು. ಕಣ್ಣು ಮುಚ್ಚಿ ಕಾದೆ. ದೇವರು ಏನೂ ಹೇಳ್ಲಿಲ್ಲ. ಕೊಡು, ಕೊಡು, ಕೊಡು ಅಂತ ಒಳಗೆ ಒಂದು ದನಿ ಹೊಡ್ಕೊಳ್ತಿತ್ತು, ಅದು ಯಾರದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅದು ನಂದು. ಅದನ್ನ ದೇವರ ಬಾಯಿಗೆ ತುರುಕೋಕೆ ಹೊರಟಿದ್ದೆ ನಾನು.

ಕಣ್ಣು ಬಿಟ್ಟೆ. "ಭದ್ರಮ್ಮೋರೇ, ನನ್ನ ಕೈಲಿ ಆಗಲ್ಲ."

"ಯಾಕಕ್ಕಾ? ಏನಂದ್ರು?"

"ಅವರೇನೂ ಅನ್ಲಿಲ್ಲ. ನನ್ನ ಮಗಳು ಮೇಲಿನ ಮಹಡೀಲಿ ಮಲಗಿದ್ದಾಳೆ. ಅವಳಿಗೆ ಹೃದಯ ಬೇಕು. ನಿಮ್ಮ ಹುಡುಗನದು ಸಿಗಬೋದು ಅಂತ ಕಾಯ್ತಿದ್ದೀನಿ. ನಾನು ಏನು ಹೇಳಿದ್ರೂ ಅದು ನನ್ನ ಮಾತೇ ಆಗಿರುತ್ತೆ."

ಭದ್ರಮ್ಮ ನನ್ನ ಮುಖವನ್ನೇ ನೋಡಿದ್ರು. ಆಮೇಲೆ ದನಿ ಬದಲಾಯ್ತು. "ಅಂಗಾರೆ ಇಷ್ಟೊತ್ತೂ ನೀನು, ನನ್ ಮಗ ಸಾಯ್ಲಿ ಅಂತ ಬೇಡ್ಕೊಂತಿದ್ಯಾ?"

"ಹೆಸರು ಗೊತ್ತಿರ್ಲಿಲ್ಲ" ಅಂದೆ. ಬೇರೆ ಏನು ಹೇಳ್ಲಿ?

ಹೊಡೀತಾರೆ ಅಂದ್ಕೊಂಡೆ. ಹೊಡೆದಿದ್ರೆ ವಾಸಿಯಿತ್ತು. ಅವರು ನನ್ನ ಮಣಿಕಟ್ಟು ಹಿಡಿದು ಕೈಯನ್ನ ಮತ್ತೆ ಆ ಹಣೆ ಮೇಲೇ ಒತ್ತಿದ್ರು. "ಅಂಗಾರೆ ಈಗ ಕೇಳು. ನನ್ ಮುಂದೆ ಕೇಳು. ನಿನ್ ಮಗ್ಳಿಗೆ ಎಂಗ್ ಕೇಳ್ತೀಯೋ ನನ್ ಮಗನ್ಗೂ ಅಂಗೇ ಕೇಳು."

"ಅವನು ಎದ್ರೆ ನನ್ನ ಮಗಳು..."

"ಗೊತ್ತು. ಕೇಳು."

ಮೇಲೆ ಸುಕೃತಿ ಉಪವಾಸ ಮಲಗಿದ್ಲು, ಇವತ್ತೇ ಆಗುತ್ತೆ ಅಂತ ಕಾಯ್ಕೊಂಡು. ನಾನು ಉಸಿರು ಎಳ್ಕೊಂಡೆ. "ಕರ್ತನೇ, ಈ ಹುಡುಗನ್ನ ಎಬ್ಬಿಸು! ಇವನ ಹೆಸರು ಹರ್ಷವರ್ಧನ್. ಇವನ ತಾಯಿ ಇಲ್ಲೇ ನಿಂತಿದ್ದಾಳೆ, ನೋಡು. ಇವನ ಕಣ್ಣು ತೆರೆಸು, ಇವನನ್ನ ನಡೆಸ್ಕೊಂಡು ಮನೆಗೆ ಕಳಿಸು!" ನರ್ಸು ಓಡಿಬಂದ್ಲು. ನಾನು ನಿಲ್ಲಿಸ್ಲಿಲ್ಲ. ಮೊದಲು ಬಾಯಲ್ಲಿ ಹೇಳ್ತಿದ್ದೆ, ಅಷ್ಟೇ. ಆಮೇಲೆ ಎಲ್ಲೋ ಒಂದು ಕಡೆ ನಿಜವಾಗ್ಲೂ ಬೇಕು ಅನ್ನಿಸ್ಬಿಡ್ತು, ಆ ಹುಡುಗ ಎದ್ದು ಕೂರ್ಬೇಕು ಅಂತ. ಸುಕೃತಿ ಹೆಸರು ನಾಲಿಗೆ ತುದಿಗೆ ಬಂತು, ನುಂಗ್ಕೊಂಡೆ. ಕೊನೆಗೆ, "ಇವನೂ ನಿನ್ನವನೇ, ಅವಳೂ ನಿನ್ನವಳೇ. ನಿನ್ನ ಚಿತ್ತ ಏನೋ ಅದೇ ಆಗ್ಲಿ. ನಾನಿನ್ನು ನಿನಗೆ ಹೇಳ್ಕೊಡಲ್ಲ" ಅಂದೆ.

ಹಿಂಬಾಗಿಲು ಅಂತ ಅಯ್ಯನವರನ್ನ ಆಡಿಕೊಳ್ತಿದ್ದೆ. ತಪ್ಪಿಸ್ಕೊಳ್ಳೋರು ಆಡೋ ಮಾತಲ್ಲ ಅದು. ಇರೋ ಒಬ್ಬ ಮಗಳನ್ನ ಕೈಯಿಂದ ಕೆಳಗಿಟ್ಟು, ಖಾಲಿ ಕೈಯಲ್ಲಿ ನಿಲ್ಲೋದು.

ಆಮೇಲೆ ಡಾಕ್ಟ್ರುಗಳು ಬಂದು ನಮ್ಮನ್ನೆಲ್ಲ ಹೊರಗೆ ಕಳಿಸಿ, ಮೆದುಳು ನಿಜಕ್ಕೂ ಸತ್ತಿದೆಯಾ ಅಂತ ನೋಡೋ ಎರಡನೇ ಪರೀಕ್ಷೆ ಶುರು ಮಾಡಿದ್ರು. ನಾನೂ ಭದ್ರಮ್ಮನೂ ಒಂದೇ ಬೆಂಚಿನ ಎರಡು ತುದೀಲಿ ಕೂತಿದ್ವಿ. ಬಾಗಿಲು ಅಲುಗಿದಾಗೆಲ್ಲ ಇಬ್ಬರೂ ಎದ್ದು ನಿಲ್ತಿದ್ವಿ. ನನಗೆ ಏನು ಬೇಕಿತ್ತು ಅಂತ ಕೇಳ್ಬೇಡಿ, ನನಗೇ ಗೊತ್ತಿರ್ಲಿಲ್ಲ. ಹುಡುಗ ಎದ್ದ ಅಂದ್ರೂ ಸತ್ತುಹೋಗ್ತೀನಿ, ಏಳ್ಲಿಲ್ಲ ಅಂದ್ರೂ ಸತ್ತುಹೋಗ್ತೀನಿ ಅನ್ನಿಸ್ತಿತ್ತು.

ಡಾಕ್ಟ್ರು ಹೊರಗೆ ಬಂದು ತಲೆ ಅಲ್ಲಾಡಿಸಿದ್ರು. ಏನೂ ಬದಲಾಗಿರ್ಲಿಲ್ಲ. ಅವರ ಹಿಂದೆಯೇ ಬಂದ ಜ್ಯೋತಿಲಕ್ಷ್ಮಿ ಮೇಡಂ ನನ್ನನ್ನ ಅಲ್ಲಿ ನೋಡಿದ್ದೇ ತಡ, ಕೆಂಡ ಆದ್ರು. "ಏನ್ರೀ ಇದು? ಹೇಳಿದ್ದೆ ತಾನೇ? ಇವರ ಮೇಲೆ ನೀವು ಒತ್ತಡ ಹಾಕಿದ್ರಿ ಅಂತಾದ್ರೆ ಎಲ್ಲಾ ಇಲ್ಲಿಗೇ ನಿಲ್ಲುತ್ತೆ, ಗೊತ್ತಾ ನಿಮಗೆ?"

ಮಗಳ ಪ್ರಾಣ ನನ್ನ ಕೈಯಾರೆ ಕಳೆದೆ ಅಂದ್ಕೊಂಡೆ. ಉತ್ತರ ಕೊಟ್ಟದ್ದು ಭದ್ರಮ್ಮ.

"ಇವ್ಳೇನ್ ಒತ್ತಾಯ ಮಾಡ್ಲಿಲ್ಲ ಕಣ್ ಮೇಡಮ್ಮಾ. ನನ್ ಮಗ ಏಳ್ಲಿ ಅಂತ ಆಸ್ಪತ್ರೆ ಕಿತ್ತೋಗಂಗೆ ಕೂಗುದ್ಲು. ಬೇಕಾರೆ ಆ ನರ್ಸಮ್ಮನ್ನ ಕೇಳಿ." ಐಸಿಯು ಬಾಗಿಲ ಕಡೆ ತಿರುಗಿದ್ರು. "ನಮ್ ದೇವ್ರನ್ನೂ ಕೇಳ್ದೆ, ಇವ್ಳ ದೇವ್ರನ್ನೂ ಕೇಳ್ದೆ. ಯಾರೂ ಏನೂ ಯೋಳ್ಲಿಲ್ಲ. ಅಂಗಾರೆ ನಾನೇ ಯೋಳ್ಬೇಕು. ಕೊಡ್ತೀನಿ. ಯಾರ್ಗೆ ಆಯ್ತದೋ ಅವ್ರಿಗೆ ಆಕಿ. ಇವ್ಳ ಮಗ್ಳಿಗೇ ಅಂತ ನಾನ್ ಯೋಳಾಕಿಲ್ಲ, ಇವ್ಳಿಗ್ ಬ್ಯಾಡ ಅಂತಾನೂ ಯೋಳಾಕಿಲ್ಲ."

ರುಜು ಹಾಕಿದ್ರು. ಜ್ಯೋತಿಲಕ್ಷ್ಮಿ ಮೇಡಂ ಯಾರ್ಯಾರಿಗೋ ಫೋನ್ ಮಾಡಿದ್ರು, ನರ್ಸನ್ನ ಕರೆದು ಕೇಳಿದ್ರು, ನನ್ನನ್ನ ಕಡೆಗಣ್ಣಲ್ಲಿ ನೋಡಿದ್ರು. ಮಧ್ಯಾಹ್ನದ ಹೊತ್ತಿಗೆ ಹೇಳಿದ್ರು, ಸರದಿ ಪ್ರಕಾರ ಸುಕೃತಿಗೇ ಬರುತ್ತೆ ಅಂತ.

ಮೇಲೆ ಓಡಿದೆ. ಸುಕೃತೀನ ಆಗಲೇ ಟ್ರಾಲಿಗೆ ಹಾಕಿದ್ರು. "ಅಮ್ಮಾ, ಎಲ್ಲಿದ್ದೆ? ಭಯ ಆಗ್ತಿದೆ" ಅಂದ್ಲು. ಹಣೆಗೆ ಮುತ್ತಿಟ್ಟೆ. "ನನಗೂ ಭಯ ಕಣೇ" ಅಂದೆ. ಅವಳ ಮುಂದೆ ಹಾಗೆ ಯಾವತ್ತೂ ಅಂದವಳಲ್ಲ. ಬಾಗಿಲು ಮುಚ್ಚಿದ ಮೇಲೆ ಅಲ್ಲಿ ನಿಲ್ಲೋಕಾಗ್ಲಿಲ್ಲ, ಕೆಳಗೆ ಭದ್ರಮ್ಮನ ಹತ್ರ ಬಂದೆ. ಅವರು ಸ್ವಲ್ಪ ಸರಿದು ಜಾಗ ಮಾಡಿದ್ರು.

ಸಾಯಂಕಾಲ ಹುಡುಗನ ದೇಹ ಕೊಟ್ರು. ಹನುಮಂತರಾಯಪ್ಪನೋರೂ ನೆಂಟರೂ ಆಂಬುಲೆನ್ಸ್‌ಗೆ ಹತ್ತಿಸ್ತಿದ್ರು. ಭದ್ರಮ್ಮ ಅದರ ಬಾಗಿಲ ಕಂಬಿ ಹಿಡಿದು ನಿಂತಿದ್ರು. ಅಷ್ಟರಲ್ಲಿ ಜ್ಯೋತಿಲಕ್ಷ್ಮಿ ಮೇಡಂ ನನ್ನ ಹುಡುಕ್ಕೊಂಡು ಬಂದ್ರು, ಭದ್ರಮ್ಮನ್ನ ನೋಡಿ ಅಲ್ಲೇ ನಿಂತ್ಬಿಟ್ರು. ಅವರ ಮುಖ ನೋಡಿ ಭದ್ರಮ್ಮನೇ ಕೇಳಿದ್ರು.

"ಬಡ್ಕೊಂತಾ ಐತಾ?"

ಮೇಡಂ ನನ್ನ ನೋಡಿದ್ರು, ಅವರನ್ನ ನೋಡಿದ್ರು. ಕಣ್ಣು ತುಂಬಿ, "ಹೂಂ ಕಣಮ್ಮಾ. ಚೆನ್ನಾಗಿ ಬಡ್ಕೊಳ್ತಿದೆ" ಅಂದ್ರು.

ಭದ್ರಮ್ಮ ಆಂಬುಲೆನ್ಸ್ ಒಳಗಿನ ಬಿಳಿ ಬಟ್ಟೆ ಕಡೆ ನೋಡಿದ್ರು. "ಅಂಗಾರೆ ಯಾರ್ನ ಮಣ್ ಮಾಡಾಕ್ ತಗೊಂಡೋಗ್ತಾ ಇದ್ದೀನಿ ಅಕ್ಕಾ ನಾನು?" ಅಂತ ನನ್ನನ್ನ ಕೇಳಿದ್ರು.

ಸುಕೃತಿಗೆ ಎಚ್ಚರ ಆಗೋದು ನಾಳೆ ಅಂದಿದ್ರು. ಭದ್ರಮ್ಮ ಹತ್ತಿದ ಮೇಲೆ ನಾನೂ ಆಂಬುಲೆನ್ಸ್ ಹತ್ತಿ ಅವರ ಪಕ್ಕ ಕೂತೆ.