ಅಕ್ಕನ ಕೊಳದ ಗಂಡು ಜೀರುಂಡೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಂಡೆ. ಆದರೆ ಆ ದಿನ ಬೆಳಿಗ್ಗೆಯಿಂದ ಅಕ್ಕ ಐದು ಸಲ ಫೋನ್ ಮಾಡಿದ್ದಳು.

ಅವಳ ಮನೆಯ ಹಿಂದೆ ಹಳೆಯ ಕಲ್ಲುಕ್ವಾರಿಯ ಕೊಳವಿದೆ. ಸೋಮವಾರ ಅದನ್ನು ಮಣ್ಣು ಹಾಕಿ ಮುಚ್ಚುವವರಿದ್ದರು. ಅದರಲ್ಲಿರುವ ಮುಳುಗು ಜೀರುಂಡೆ, ಮೀನುಮರಿಯನ್ನೂ ಹಿಡಿದು ತಿನ್ನುವ ಹೆಬ್ಬೆರಳು ಗಾತ್ರದ ಹುಳು, ಬೇರೆಲ್ಲೂ ಉಳಿದಿಲ್ಲದ ಜಾತಿಯದು ಎಂದು ಅಕ್ಕನ ನಂಬಿಕೆ. ಮ್ಯೂಸಿಯಂನವರು ಹೌದೆಂದು ಬರೆದುಕೊಟ್ಟರೆ ಕೆಲಸ ನಿಲ್ಲಿಸುತ್ತೇವೆ ಎಂದು ಅಧಿಕಾರಿ ಹೇಳಿದ್ದರು. ಬರೆದುಕೊಡಬೇಕಾದವನು ನಾನು. ಹುಳುಗಳ ಜಾತಿ ಗುರುತಿಸುವುದೇ ನನ್ನ ಹೊಟ್ಟೆಪಾಡು.

ಈ ಹುಳುವೂ ಎಲ್ಲ ಕೆರೆಯಲ್ಲಿ ಸಿಗುವ ಅದರ ದಾಯಾದಿಯೂ ನೋಡಲು ಒಂದೇ ಥರ. ಬೆನ್ನು, ಹಳದಿ ಅಂಚು, ಈಜುಗಾಲು ಎಲ್ಲ ಅದೇ. ಗಂಡಿನ ಹೊಟ್ಟೆಯೊಳಗಿನ ಜನನಾಂಗದ ತುದಿ ನೋಡಿದರೆ ಮಾತ್ರ ಗೊತ್ತಾಗುವುದು. ಎರಡು ವರ್ಷ ಬಲೆ ಹಾಕಿ ಅಕ್ಕನಿಗೆ ಸಿಕ್ಕಿದ್ದು ಏಳು ಹೆಣ್ಣು, ಒಂದು ಗಂಡು.

ಆ ಅಂಗವನ್ನು ಬಿಡಿಸಿ, ಅಂಟಿದ ಮಾಂಸ ಕರಗಲೆಂದು ಬಿಸಿ ಕ್ಷಾರದ ಬಟ್ಟಲಿಗೆ ಹಾಕಿದೆ. ಹತ್ತು ನಿಮಿಷ ಸಾಕು. ಅಷ್ಟರಲ್ಲಿ ಫೋನ್.

"ಆಯ್ತೇನೋ?"

"ತಲೆ ತಿನ್ಬೇಡ ಅಕ್ಕ. ಚಿಕ್ಕಂದಿನಿಂದ ಇದೇ ಆಯ್ತು ನಿಂದು, ಹಿಡಿದ್ರೆ ಬಿಡಲ್ಲ."

"ನಾನು ಬಿಡೋಳಾಗಿದ್ರೆ ನೀನು ಶಾಲೆ ಮುಗಿಸ್ತಿರಲಿಲ್ಲ ಕಣೋ."

ಆ ಮಾತು ಚುರುಕ್ಕೆಂದಿತು. ಹಳೆಯದನ್ನೆಲ್ಲ ಕೆದಕಿದೆ, ಅವಳೂ ಸುಮ್ಮನಿರಲಿಲ್ಲ. ಫೋನ್ ಇಟ್ಟಾಗ ಮುಕ್ಕಾಲು ಗಂಟೆಯಾಗಿತ್ತು.

ಕ್ಷಾರ ಬತ್ತಿ ಬಟ್ಟಲ ತಳದಲ್ಲಿ ಸೀದ ಕಲೆಯೊಂದು ಉಳಿದಿತ್ತು. ಸಂಜೆವರೆಗೂ ಸೂಕ್ಷ್ಮದರ್ಶಕದಲ್ಲಿ ಅದನ್ನೇ ನೋಡಿದೆ. ಏಳು ಹೆಣ್ಣುಗಳನ್ನೂ ತಿರುವಿ ಹಾಕಿದೆ. ಏನೂ ಹೇಳುವಂತಿರಲಿಲ್ಲ.

ಮತ್ತೆ ಫೋನ್ ಬಂತು. ನಿಜ ಹೇಳಿ, ಇನ್ನೊಂದು ಗಂಡು ಹಿಡಿಯಲು ಗಡುವು ಕೇಳಬಹುದಿತ್ತು. ಸುಟ್ಟುಬಿಟ್ಟೆ ಎನ್ನಲು ಬಾಯಿ ಬರಲಿಲ್ಲ.

"ಮಾಮೂಲಿದೇ ಅಕ್ಕ," ಎಂದೆ. "ಎಲ್ಲಾ ಕಡೆ ಸಿಗೋದು."



"ಸರಿಯಾಗಿ ನೋಡಿದ್ಯಾ?"

"ನೋಡ್ದೆ."

"ನೀನು ನೋಡಿದ್ಮೇಲೆ ಮುಗೀತು ಬಿಡು. ಎರಡು ವರ್ಷ ಸುಮ್ನೆ ಎಲ್ಲರನ್ನೂ ಗೋಳು ಹೊಯ್ಕೊಂಡೆ. ನಿನ್ನನ್ನೂ. ನಾನು ಅಂದಿದ್ದೆಲ್ಲ ಮನಸ್ಸಿಗೆ ಹಚ್ಕೋಬೇಡ ಪುಟ್ಟ. ಅಧಿಕಾರಿಗೆ ನಾನೇ ಹೇಳ್ತೀನಿ, ಸೋಮವಾರದವರೆಗೂ ಕಾಯೋದೇನೂ ಬೇಡ ಅಂತ. ಆಗ್ಬಹುದಲ್ವಾ?"

ನಾನು ಹೂಂ ಎಂದೆ.