ವರನ ತಾಯಿಯ ಹಲ್ಲು

ಮಗನ ಮದುವೆಯಲ್ಲಿ ವರನ ತಾಯಿ ಬಾಯಿ ತುಂಬ ಹಲ್ಲು ತೋರಿಸಿ ನಗುತ್ತಾ ಕುಣಿತಕ್ಕೆ ಮೊದಲ ಹೆಜ್ಜೆ ಹಾಕಬೇಕು. ಮೊಲ್ದೋವಾದ ಆ ಸಣ್ಣ ಪಟ್ಟಣದಲ್ಲಿ ಇದು ಪಾದ್ರಿಯ ಆಶೀರ್ವಾದದಷ್ಟೇ ಮುಖ್ಯ. ಮದುವೆ ಗೊತ್ತಾದ ಮನೆಯವರು ಮೊದಲು ಓಡುವುದೇ ದಂತವೈದ್ಯರ ಹತ್ತಿರ. ಈಗ ಮಗನ ಮದುವೆ ಗೊತ್ತಾಗಿದ್ದ ಅಗ್ಲಾಯಾಳ ಮುಂದಿನ ಎರಡು ಹಲ್ಲು ಹುಳುಕಾಗಿದ್ದವು, ಕೀಳಿಸಿ ಹೊಸದು ಕಟ್ಟಿಸಬೇಕಿತ್ತು.

ಕಷ್ಟವೆಂದರೆ, ಅವಳು ಹೆಪಟೈಟಿಸ್‌ಗೆ ವಾರವಾರ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಳು. ಹಲ್ಲುಜ್ಜಿದರೂ ವಸಡಿನಲ್ಲಿ ರಕ್ತ. "ಔಷಧಿಯಿಂದ ನಿಮ್ಮ ರಕ್ತ ಹೆಪ್ಪುಗಟ್ಟೋದು ಕಮ್ಮಿಯಾಗಿದೆ. ಚಿಕಿತ್ಸೆ ಮುಗಿಯೋವರೆಗೂ ಹಲ್ಲು ಕೀಳಿಸ್ಬೇಡಿ. ನೋವು ತಡೆಯೋಕಾಗದಿದ್ರೆ ದಂತವೈದ್ಯರು ಮೊದಲು ನನ್ನ ಹತ್ರ ಮಾತಾಡ್ಲಿ" ಎಂದು ಲಿವರ್ ಡಾಕ್ಟರು ಹೇಳಿದ್ದರು.

ಅತ್ತಿಗೆ ಪ್ರೊಫಿರಾ ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಾ ಗದರಿದಳು. "ಸುಮ್ನೆ ಹೋಗಿ ಕೀಳಿಸ್ಕೊಂಡು ಬಾ. ಲಿವರ್ ಕಾಯಿಲೆ ಅಂದ್ರೆ ಊರು ಏನನ್ನುತ್ತೆ? ಕುಡುಕಿ ಅನ್ನುತ್ತೆ, ಇಲ್ಲಾ ಅಂಟುರೋಗದ ಮನೆ ಅನ್ನುತ್ತೆ. ಹುಡುಗಿ ಕಡೆಯವರು ನಿಲ್ತಾರಾ?"

"ಅಣ್ಣನೂ ಹೀಗೇ ಮುಚ್ಚಿಟ್ಟ, ಅತ್ತಿಗೆ."

ಪ್ರೊಫಿರಾಳ ಚಾಕು ನಿಂತಿತು. "ನಿಮ್ಮಣ್ಣ ಹೋಗಿದ್ದು ಎದೆನೋವಿಂದ."

ಅಗ್ಲಾಯಾಳ ಅಣ್ಣ, ಪ್ರೊಫಿರಾಳ ಗಂಡ ಇಲಾರಿ ಹೇಗೆ ಹೋದನೆಂದು ಇಬ್ಬರಿಗೂ ಗೊತ್ತು. ಇದೇ ಚಿಕಿತ್ಸೆಯ ನಡುವೆ ದವಡೆ ಹಲ್ಲು ಕೀಳಿಸಿಕೊಂಡು ಬಂದ. ರಕ್ತ ನಿಲ್ಲದೆ ದಿಂಬೆಲ್ಲ ಒದ್ದೆ. ಆಸ್ಪತ್ರೆಗೆ ಹೋದರೆ ಗುಟ್ಟು ರಟ್ಟಾಗುತ್ತದೆಂದು ಬಟ್ಟೆ ಕಚ್ಚಿಸುತ್ತಾ ಕೂತರು. ಕೊನೆಗೆ ಕರೆದೊಯ್ಯುವ ಹೊತ್ತಿಗೆ ಕೈಮೀರಿತ್ತು. ಅಯ್ಯೋ, ಮಾನಕ್ಕೆ ಅಂಜಿ ಮನುಷ್ಯನನ್ನೇ ಕಳೆದುಕೊಂಡ ಮನೆ ಅದು. ಆಮೇಲೂ ಊರಿಗೆ ಹೇಳಿದ್ದು ಸುಳ್ಳೇ.

ಪ್ರೊಫಿರಾ ಬಿಡಲಿಲ್ಲ, ತಾನೇ ಕರೆದುಕೊಂಡು ಹೋದಳು. ದಂತವೈದ್ಯರ ಕೋಣೆಯ ಹೊರಗೆ ಹುಡುಗಿಯ ತಾಯಿ ಲಿಸವೇತಾ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಳು. ಅವಳಿಗೂ ಮದುವೆಗೆ ಹಲ್ಲು ಸರಿಯಾಗಬೇಕಿತ್ತು. ಬಾಗಿಲು ತೆರೆದೇ ಇತ್ತು.

"ಏನಾದ್ರೂ ಕಾಯಿಲೆ, ಔಷಧಿ ಇದೆಯಾ?" ದಂತವೈದ್ಯ ಗ್ರೋಸು ಕೇಳಿದರು.

"ಏನೂ ಇಲ್ಲ, ಗುಂಡುಕಲ್ಲಿನ ಥರ ಇದಾಳೆ" ಎಂದಳು ಪ್ರೊಫಿರಾ.

ಸೂಜಿ ಹತ್ತಿರ ಬಂತು. ಅಗ್ಲಾಯಾಗೆ ಅಣ್ಣನ ದಿಂಬು ಕಣ್ಣಿಗೆ ಕಟ್ಟಿತು. ಗ್ರೋಸು ಅವರ ಕೈ ಹಿಡಿದುಬಿಟ್ಟಳು.

"ನಂಗೆ ಹೆಪಟೈಟಿಸ್ ಇದೆ, ಇಂಜೆಕ್ಷನ್ ನಡೀತಿದೆ. ಈಗ ಕೀಳ್ಬೇಡಿ. ನಮ್ಮ ಇಲಾರಿ ಅಣ್ಣಂಗೂ ಇದೇ ಇತ್ತು. ಅವನು ಎದೆನೋವಿಂದ ಸಾಯ್ಲಿಲ್ಲ."

ಗ್ರೋಸು ಸೂಜಿ ಕೆಳಗಿಟ್ಟರು. "ಅವರ ಹಲ್ಲು ಕಿತ್ತೋನು ನಾನೇ ಕಣಮ್ಮ. ಅವತ್ತೂ ಇದೇ ಪ್ರಶ್ನೆ ಕೇಳಿದ್ದೆ."

ಪ್ರೊಫಿರಾ ಗೋಡೆ ಹಿಡಿದು ಕುಸಿದಳು. "ಅವತ್ತೂ ಏನೂ ಇಲ್ಲ ಅಂದಿದ್ದು ನಾನೇ," ಎಂದಳು.

ಅಗ್ಲಾಯಾ ಅತ್ತಿಗೆಯನ್ನು ಎಬ್ಬಿಸಿ, ತೋಳು ಹಿಡಿದು ಹೊರಗೆ ತಂದಳು. ಲಿಸವೇತಾ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದಳು. ಮದುವೆ ನಿಲ್ಲುತ್ತದೋ ನಡೆಯುತ್ತದೋ, ಅವಳ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

"ಬೀಗರೇ, ಮದುವೆ ಅಂತ ನಡೆದ್ರೆ ನಾನು ಈ ಹುಳುಕು ಹಲ್ಲಲ್ಲೇ ಕುಣಿಯೋದು," ಎಂದಳು ಅಗ್ಲಾಯಾ.